ಲಲಿತಾಂಗನಿಂದ ಶ್ರೇಯಾಂಸನವರೆಗೆ

ಕಕ್ಕಡದ ಜಡಿಮಳೆ ಹಿಡಿದು, ಮಡಿಕೇರಿಯಲ್ಲೂ ಗೋಣಿಕೊಪ್ಪಲಿನಲ್ಲೂ ಶಾಲೆಗಳಿಗೆ ರಜೆ ಸಾರಿದ ದಿನಗಳಲ್ಲಿ ನಮ್ಮ ಕಿಶೋರರು ಮನೆಯೊಳಗೆ ಕುಳಿತು ಓದುವ ಪುಸ್ತಕಗಳ ನಡುವೆ, ‘ಇಸೆಕೈ’ ಎಂದು ಹೆಸರಾದ ಜಪಾನೀ ಕಾದಂಬರಿಗಳೂ ಈಚೆಗೆ ಸೇರಿಕೊಂಡಿವೆ. ಈ ಲೋಕದಲ್ಲಿ ಅಕಾಲಮರಣಕ್ಕೆ ತುತ್ತಾದ ನಾಯಕನು ಲೋಕಾಂತರದಲ್ಲಿ ಜನಿಸಿ, ಪೂರ್ವಜನ್ಮದ ಸ್ಮರಣೆಯನ್ನು ನೀಗಿಕೊಳ್ಳದೆ, ಆ ಸ್ಮರಣೆಯ ಬಲದಿಂದಲೇ ಅಲ್ಲಿಯವರನ್ನು ಮೀರಿ ಬೆಳೆಯುವುದು ಇವುಗಳಲ್ಲಿ ಬಹುಪಾಲಿನ ಕಥಾಬಂಧ. ಹಿರಿಯರು ಇವನ್ನು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಾಗದು. ಸತ್ತ ಮೇಲೂ ನಾನು ನಾನಾಗಿಯೇ ಉಳಿಯುವೆನೆ ಎಂಬ ಪ್ರಶ್ನೆ ಹದಿನಾರರ ಹರೆಯಕ್ಕೆ ಬಹು ಗಂಭೀರವಾದುದು.

ಆ ಪ್ರಶ್ನೆಯನ್ನು ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದ ಮೊದಲ ಆಶ್ವಾಸಗಳಲ್ಲಿ, ಜಿನಸೇನಾಚಾರ್ಯರ ಸಂಸ್ಕೃತ ಪುರಾಣವನ್ನು ಅನುಸರಿಸಿಯೂ ತನ್ನದೇ ಆದ ರಸಾವೇಶದಿಂದ, ಎತ್ತಿಕೊಂಡಿದ್ದಾನೆ. ವಿದ್ಯಾಧರರ ಅರಸನಾದ ಮಹಾಬಲನು, ತನ್ನ ಆಯುಷ್ಯ ಇನ್ನು ಸ್ವಲ್ಪವೇ ಉಳಿದಿದೆಯೆಂದು ಅರಿತು, ಮಂತ್ರಿ ಸ್ವಯಂಬುದ್ಧನ ಹಿತವಚನದಂತೆ ವ್ರತವನ್ನು ಕೈಗೊಂಡು ದೇಹವನ್ನು ಬಿಡುತ್ತಾನೆ. ಬಿಟ್ಟೊಡನೆ ಈಶಾನಕಲ್ಪವೆಂಬ ಸ್ವರ್ಗದಲ್ಲಿ, ಉಪಪಾದಶಯ್ಯೆಯ ಮೇಲೆ, ನಿದ್ದೆ ತಿಳಿದೆದ್ದವನಂತೆ, ಸರ್ವಾಭರಣಭೂಷಿತನಾದ ತರುಣ ಲಲಿತಾಂಗದೇವನಾಗಿ ಕಣ್ತೆರೆಯುತ್ತಾನೆ. ಶೈಶವವಿಲ್ಲ, ತಾಯ ಮಡಿಲಿಲ್ಲ. ಇದಾವ ಎಡೆ, ಇವರಾರು, ನಾನಾರು ಎಂಬ ವಿಸ್ಮಯವೊಂದು ಮಾತ್ರ ಮೊದಲು ಮೂಡುತ್ತದೆ, ಅನಂತರ ಅವಧಿಜ್ಞಾನದಿಂದ ಹಿಂದಿನ ಭವವೆಲ್ಲವೂ ಬೆಳಗುತ್ತದೆ. ಇಂದಿನ ಇಸೆಕೈ ಲೇಖಕರು ಪುಟಗಟ್ಟಲೆ ಹೆಣಗಿ ತರುವ ಆ ಎಚ್ಚರದ ಗಳಿಗೆಯನ್ನು ಇಷ್ಟು ಸ್ವಚ್ಛವಾಗಿ ಬೇರೆಲ್ಲಿಯೂ ನಾನು ಕಂಡಿಲ್ಲ.

ಮುಂದಿನ ಕಥೆ ಲಲಿತಾಂಗ ಮತ್ತು ಸ್ವಯಂಪ್ರಭೆಯರ ಅನುರಾಗದ್ದು. ದೇವನ ಕೊರಳ ಮಾಲೆ ಬಾಡಿತೆಂದರೆ ಸ್ವರ್ಗದ ಅವಧಿ ಮುಗಿಯಿತೆಂದೇ ಅರ್ಥ. ಆತನು ಭೂಲೋಕದಲ್ಲಿ ವಜ್ರಜಂಘನೆಂಬ ರಾಜಕುಮಾರನಾಗಿಯೂ, ಅವಳು ಪುಂಡರೀಕಿಣಿಯ ಚಕ್ರವರ್ತಿಯ ಮಗಳು ಶ್ರೀಮತಿಯಾಗಿಯೂ ಹುಟ್ಟುತ್ತಾರೆ. ಒಂದು ದಿನ ಆಕಾಶದಲ್ಲಿ ದೇವತೆಗಳು ಸಾಗುವುದನ್ನು ಕಂಡ ಮಾತ್ರಕ್ಕೆ ಶ್ರೀಮತಿಗೆ ಜಾತಿಸ್ಮರಣೆಯುಂಟಾಗಿ, ಮೂರ್ಛೆ ಹೋಗಿ, ಎಚ್ಚತ್ತ ಮೇಲೆ ಮೌನ ಹಿಡಿದು, ಕಡೆಗೆ ಹಿಂದಿನ ಭವವನ್ನೆಲ್ಲ ಒಂದು ಪಟದಲ್ಲಿ ಬರೆದು, ದಾದಿಯಾದ ಪಂಡಿತೆಯ ಕೈಯಲ್ಲಿ ಜಿನಾಲಯಕ್ಕೆ ಕಳುಹಿಸುತ್ತಾಳೆ, ಯಾರು ಅದನ್ನು ಗುರುತಿಸುವನೋ ಅವನೇ ತನ್ನ ಇನಿಯನೆಂದು. ವಜ್ರಜಂಘನು ಗುರುತಿಸುತ್ತಾನೆ, ವಿವಾಹವೂ ಆಗುತ್ತದೆ. ಆದರೆ ಒಂದು ರಾತ್ರಿ ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆತುದರಿಂದ, ಶಯ್ಯಾಗೃಹದ ಸುಗಂಧಧೂಪವೇ ಕವಿದು, ಆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡಂತೆಯೇ ಉಸಿರು ಕಟ್ಟಿ ಸಾಯುತ್ತಾರೆ. ಭೋಗವೇ ಮೃತ್ಯುವಾದ ಈ ಸನ್ನಿವೇಶವನ್ನು ಓದಿ ಮುಗಿಸಿದವನು ಆ ರಾತ್ರಿ ಬೇರೊಂದು ಪುಸ್ತಕವನ್ನು ತೆರೆಯಲಾರನು.

ಮತ್ತೆ ಭೋಗಭೂಮಿ, ಮತ್ತೆ ಸ್ವರ್ಗ, ಮತ್ತೆ ಮರ್ತ್ಯ. ಇವನ್ನು ಓದುಗರು ತಾವೇ ಕಂಡುಕೊಳ್ಳಲಿ. ನನ್ನ ಮೆಚ್ಚಿಕೆಯ ಕೇಂದ್ರವಿರುವುದು ಈ ಭವಾವಳಿಯ ಕೊನೆಯ ತುದಿಯಲ್ಲಿ. ವಜ್ರಜಂಘನ ಜೀವವು ಆದಿತೀರ್ಥಂಕರನಾದ ವೃಷಭನಾಗಿ, ರಾಜ್ಯವನ್ನು ತೊರೆದು, ಚರಿಗೆಗೆ ಹೊರಟಾಗ, ಯತಿಗೆ ಆಹಾರ ನೀಡುವ ಕ್ರಮವನ್ನೇ ಅರಿಯದ ಜನರು ಆನೆ ಕುದುರೆಗಳನ್ನೂ ರತ್ನಗಳನ್ನೂ ತಂದೊಪ್ಪಿಸುತ್ತಾರಲ್ಲದೆ ಒಂದು ತುತ್ತನ್ನು ಕೊಡುವವರಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸನೆಂಬ ತರುಣನು ಆತನನ್ನು ಕಂಡೊಡನೆ, ತಾನು ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಮುನಿಗಳಿಗೆ ಆಹಾರವಿತ್ತುದು ನೆನಪಾಗಿ, ಕಬ್ಬಿನ ರಸವನ್ನು ಆತನ ಕೈಗೆರೆಯುತ್ತಾನೆ. ಇಸೆಕೈ ನಾಯಕನಿಗೆ ಪೂರ್ವಸ್ಮರಣೆಯು ಆಯುಧ. ಪಂಪನಲ್ಲಿ ಅದು ಬೇಟದಲ್ಲಿ ಮೊದಲಾಗಿ, ಹಸಿದವನಿಗೆ ಉಣಿಸುವ ಅರಿವಿನಲ್ಲಿ ಫಲಿಸುತ್ತದೆ. ಪ್ರಣಯದ ಸ್ಮೃತಿಯನ್ನು ಇಷ್ಟು ದೂರ ಒಯ್ದ ಜನ್ಮಾಂತರಕಥೆಯನ್ನು ನಾನರಿಯೆ.

ಕೊಡಗಿನ ಮಕ್ಕಳಿಗೆ ಇದು ದೂರದ ಮಾತಲ್ಲ. ಐನ್‌ಮನೆಯ ಕೈಮಡದಲ್ಲಿ ದೀಪ ಹಚ್ಚಿ, ಕಾರೋಣನಿಗೆ ಮೀದಿಯಿಡುವುದನ್ನು ಕಂಡು ಬೆಳೆದವರಿಗೆ, ಗತಿಸಿದವರ ನೆನಪೂ ಅನ್ನವೂ ಒಂದನ್ನೊಂದು ಅಗಲದವೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಜಿನಕಥೆಗಳಿಗೂ ಈ ನೆಲ ಹೊಸದಲ್ಲ: ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥರ ಬಸದಿಗಳು ಇಂದಿಗೂ ನಿಂತಿವೆ, 11ನೆಯ ಶತಮಾನದಲ್ಲಿ ಅವನ್ನು ಪೋಷಿಸಿದ ಕೊಂಗಾಳ್ವ ಅರಸರನ್ನೂ, ಅವರ ಗುರು ಗುಣಸೇನ ಪಂಡಿತರನ್ನೂ ಅಲ್ಲಿಯ ಶಾಸನಗಳು ಸ್ಮರಿಸುತ್ತವೆ. ಪಂಪನಿಗೆ ನೂರು ವರ್ಷಗಳ ತರುವಾಯದ ಆ ಬಸದಿಗಳಲ್ಲಿ ಲಲಿತಾಂಗನ ಕಥೆಯನ್ನು ಯಾರೋ ಯಾರಿಗೋ ಹೇಳಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಹಳಗನ್ನಡದ ಬಿಗುವಿಗೆ ತರುಣರು ಅಂಜಬೇಕಾಗಿಲ್ಲ, ಹೊಸಗನ್ನಡದ ಗದ್ಯಾನುವಾದಗಳು ದೊರೆಯುತ್ತವೆ. ಉಪಾಧ್ಯಾಯರಲ್ಲೂ ತಾಯಿತಂದೆಯರಲ್ಲೂ ನನ್ನ ಬಿನ್ನಹವಿಷ್ಟೆ: ಮಗುವಿನ ಕೈಯಿಂದ ಜಪಾನೀ ಪುಸ್ತಕವನ್ನು ಕಿತ್ತುಕೊಳ್ಳಬೇಡಿರಿ, ಅದು ಮುಗಿದ ಸಂಜೆ ಮಹಾಬಲನು ಲಲಿತಾಂಗನಾಗಿ ಏಳುವ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿರಿ.