ಬೀಳೋಕೂ ಒಂದು ನೆಲ ಬೇಕಲ್ವಾ?

2025ರ ದೀಪಾವಳಿಗೆ ಬಸ್ತಿಹಳ್ಳಿಗೆ ಹೋಗಿದ್ದೆ. ಅಣ್ಣನ ಮಗ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ಹಾಕ್ಕೊಂಡು ಓಡಾಡ್ತಿದ್ದ. ವಾರಾಂತ್ಯ ಪೂರ್ತಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡೋ ಹುಡುಗ. ಪಟಾಕಿ ಮುಗಿದ ಮೇಲೆ ಕೇಳಿದ: "ಚಿಕ್ಕಪ್ಪ, ನಮ್ ಟೀಮು ರೆಲಿಗೇಟ್ ಆಗೋಯ್ತಾ? ಲೀಗ್ ಮ್ಯಾಚೇ ಬರ್ತಿಲ್ಲ?"

"ಇಲ್ಲ ಕಣೋ, ನಮ್ಮ ಐಎಸ್‌ಎಲ್‌ನಲ್ಲಿ ಯಾರೂ ರೆಲಿಗೇಟ್ ಆಗಲ್ಲ" ಅಂದೆ.

"ಮತ್ತೆ ಯಾಕೆ ಆಡ್ತಿಲ್ಲ?"

ಈ ಪ್ರಶ್ನೆಗೆ ನನ್ನ ಹತ್ರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಬೆಂಗಳೂರಿಗೆ ವಾಪಸ್ ಬರುವ ದಾರಿಯಲ್ಲಿ ಯೋಚಿಸಿದ್ದನ್ನ ಇಲ್ಲಿ ಬರೀತಿದ್ದೇನೆ.

ಮೊದಲು ಲೆಕ್ಕ ನೋಡಿ. 2025ರ ಏಪ್ರಿಲ್ 12ರಂದು ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫೈನಲ್ ಆಡಿತ್ತು. ಮೋಹನ್ ಬಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ನಾಲ್ಕು ತಿಂಗಳು ಕಳೆಯೋದ್ರೊಳಗೆ, ಆಗಸ್ಟ್‌ನಲ್ಲಿ, ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟಾವಧಿಗೆ ನಿಲ್ಲಿಸಿದ್ದೇವೆ ಅಂತ ಕ್ಲಬ್ ಪ್ರಕಟಿಸಿತು. ಕಾರಣ ಆಟದ ಮೈದಾನದಲ್ಲಿರಲಿಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ 15 ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದಿನದು ಗೊತ್ತಿರಲಿಲ್ಲ. ಎರಡನೇ ಸ್ಥಾನ ಪಡೆದ ತಂಡಕ್ಕೆ, ಕೊನೆಯ ಸ್ಥಾನಕ್ಕೆ ಬಿದ್ದ ತಂಡಕ್ಕೂ ಆಗದಂಥ ಗತಿ.

ಇಂಗ್ಲೆಂಡಿನಲ್ಲಿ ರೆಲಿಗೇಷನ್ ಅಂದ್ರೆ ಭಯ ನಿಜ, ಆದರೆ ಅದಕ್ಕೊಂದು ವ್ಯವಸ್ಥೆ ಇದೆ. ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಕ್ಲಬ್ಬಿಗೆ ಟೀವಿ ಹಣದ ಸಮಪಾಲಿನಲ್ಲಿ ಮೊದಲ ವರ್ಷ ಶೇ. 55, ಎರಡನೇ ವರ್ಷ ಶೇ. 45, ಮೂರನೇ ವರ್ಷ ಶೇ. 20 ಸಿಗುತ್ತದೆ. ಪ್ಯಾರಾಚೂಟ್ ಅಂತಲೇ ಅದಕ್ಕೆ ಹೆಸರು. ಜೊತೆಗೆ, ತಂಡ ಕೆಳಗಿಳಿದರೆ ಸಂಬಳ ಇಷ್ಟು ಕಡಿಮೆ ಅಂತ ಕರಾರಿನಲ್ಲೇ ಬರೆಸಿಕೊಳ್ಳೋದು ರೂಢಿ. ಬರೆಸದಿದ್ರೆ ಏನಾಗುತ್ತೆ ಅನ್ನೋದನ್ನ ಸಂಡರ್‌ಲ್ಯಾಂಡ್ ಕುರಿತ ನೆಟ್‌ಫ್ಲಿಕ್ಸ್ ಸರಣಿ ನೋಡಿದವರಿಗೆ ಹೇಳಬೇಕಿಲ್ಲ. 2017ರಲ್ಲಿ ಕೆಳಗಿಳಿದ ಕ್ಲಬ್ಬಿನಲ್ಲಿ ಜ್ಯಾಕ್ ರಾಡ್‌ವೆಲ್‌ನ ಕರಾರಿಗೆ ಆ ಷರತ್ತೇ ಇರಲಿಲ್ಲ. ವಾರಕ್ಕೆ ಸುಮಾರು 70,000 ಪೌಂಡ್ ಅಂತ ಸುದ್ದಿಯಾಗಿತ್ತು. ಜನ ಅವನನ್ನ ಬೈದರು. ನನಗೆ ಅವನ ಮೇಲೆ ಸಿಟ್ಟಿಲ್ಲ. ಆಫರ್ ಲೆಟರ್‌ನಲ್ಲಿ ಬರೆದುಕೊಟ್ಟ ಸಂಬಳವನ್ನ ನಾವ್ಯಾರಾದ್ರೂ ಬೇಡ ಅಂತೀವಾ?

ಕೆಳಗಿಳಿದ ಕ್ಲಬ್ಬಿನ ನಿಜವಾದ ಇಕ್ಕಟ್ಟು ಇಲ್ಲೇ ಇರೋದು. ಮಾರುಕಟ್ಟೆಯಲ್ಲಿ ಬೆಲೆ ಇರುವ ಆಟಗಾರನೇ ವಾಪಸ್ ಮೇಲೇರೋಕೆ ಬೇಕಾದವನು. ಅವನನ್ನ ಮಾರಿದ್ರೆ ದುಡ್ಡು, ಮಾರದಿದ್ರೆ ಸಾಲ. ಯಾರಿಗೂ ಬೇಡದವನು ದೊಡ್ಡ ಸಂಬಳದ ಮೇಲೆ ಬೆಂಚಿನಲ್ಲೇ ಕೂತಿರ್ತಾನೆ. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ್ದ ಲೀಡ್ಸ್ 2004ರಲ್ಲಿ ಕೆಳಗಿಳಿದಾಗ ಅಲನ್ ಸ್ಮಿತ್, ಪಾಲ್ ರಾಬಿನ್ಸನ್, ಹದಿಹರೆಯದ ಜೇಮ್ಸ್ ಮಿಲ್ನರ್ ಎಲ್ಲರನ್ನೂ ಮಾರಿತು, ಕೊನೆಗೆ ಸ್ವಂತ ಸ್ಟೇಡಿಯಂ ಕೂಡ. ವಾಪಸ್ ಬರೋಕೆ 16 ವರ್ಷ ಬೇಕಾಯ್ತು. ಸಂಡರ್‌ಲ್ಯಾಂಡ್ 2018ರಲ್ಲಿ ಇನ್ನೂ ಒಂದು ಮೆಟ್ಟಿಲು ಉರುಳಿ, 2025ರ ಮೇ ತಿಂಗಳಲ್ಲಿ ಮತ್ತೆ ಮೇಲೆ ಬಂತು. ಪ್ಲೇಆಫ್ ಫೈನಲ್‌ನ ಕೊನೆ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದ ಟಾಮಿ ವಾಟ್ಸನ್ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಎರಡೂ ಕ್ಲಬ್ ನರಳಿದವು, ಆದರೆ ಸಾಯಲಿಲ್ಲ. ಬಿದ್ದ ಕಡೆಯಲ್ಲೂ ಆಡೋಕೆ ಲೀಗ್ ಇತ್ತು, ಟಿಕೆಟ್ ಕೊಳ್ಳೋ ಜನ ಇದ್ದರು.

ನಮ್ಮ ಊರಿನ ಕಥೆಗೆ ಬರೋಣ. ಬೆಂಗಳೂರಿನ ಎಚ್‌ಎಎಲ್ ತಂಡ 2010ರಲ್ಲಿ ಎರಡನೇ ಡಿವಿಷನ್‌ನಿಂದ ಐ-ಲೀಗ್‌ಗೆ ಏರಿತ್ತು. ಎದುರಾಳಿಗಳ ಹತ್ರ ಒಡಾಫಾ, ರಾಂಟಿ ಮಾರ್ಟಿನ್ಸ್‌ರಂಥ ಸ್ಟ್ರೈಕರ್‌ಗಳಿದ್ದಾಗ ಇವರು ವಿದೇಶಿ ಆಟಗಾರರಿಲ್ಲದೆ ಆಡಿ, 2011-12ರ ಸೀಸನ್ ಮುಗಿದಾಗ ಕೆಳಗಿಳಿದರು. ಕಾರ್ಖಾನೆಯ ತಂಡಗಳ ರೀತಿ ಬೇರೆ. ಅಲ್ಲಿ ಆಟಗಾರನಿಗೆ ಕನಸು ಟ್ರಾನ್ಸ್‌ಫರ್ ಫೀ ಅಲ್ಲ, ಕಾಯಂ ನೌಕರಿ. ತಂಡ ಕೆಳಗಿಳಿದ್ರೂ ಪಂಚಿಂಗ್ ಕಾರ್ಡು, ಪಿಎಫ್, ಕ್ಯಾಂಟೀನ್ ಊಟ ತಪ್ಪೋದಿಲ್ಲ. ಇದನ್ನ ಹಳೇ ಕಾಲದ್ದು ಅಂತ ನಗೋದು ಸುಲಭ. ಸಂಬಳ ನಿಂತ ಆಗಸ್ಟ್ ತಿಂಗಳ ಆಟಗಾರನನ್ನ ಕೇಳಿದ್ರೆ ಅವನು ನಗಲಾರ. ಆದರೆ ಇದರ ಇನ್ನೊಂದು ಮುಖವೂ ಇದೆ. ಬಿದ್ದರೆ ಕಂಪನಿಗೆ ನಷ್ಟವಿಲ್ಲ, ಹಾಗಾಗಿ ಮತ್ತೆ ಏರಿಸೋ ಅವಸರವೂ ಇಲ್ಲ. ಅದು ಬೆಂಗಳೂರಿನ ತಂಡವಾಗಿತ್ತು, ಬೆಂಗಳೂರಿಗರ ತಂಡ ಆಗಲೇ ಇಲ್ಲ.

ಆ ಜಾಗವನ್ನ ತುಂಬಿದ್ದು ಏಣಿ ಹತ್ತಿ ಬಂದ ಕ್ಲಬ್ಬಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ನೇರ ಪ್ರವೇಶ ಪಡೆದು ಬೆಂಗಳೂರು ಎಫ್‌ಸಿ ಕಟ್ಟಿತು, ಮೊದಲ ಸೀಸನ್‌ನಲ್ಲೇ ಚಾಂಪಿಯನ್ ಆಯ್ತು. ನಾನೂ ಅಶೋಕನಗರದ ಸ್ಟೇಡಿಯಂನಲ್ಲಿ ಗಂಟಲು ಹರಿಯೋ ಹಾಗೆ ಕೂಗಿದವನೇ. ಆ ತಂಡ ಕೊಟ್ಟ ಖುಷಿಯನ್ನ ಅಲ್ಲಗಳೆಯಲ್ಲ. ಆದರೆ ನೇರ ಪ್ರವೇಶದ ಬೆಲೆಯನ್ನ ಬೇರೆ ಯಾರೋ ತೆತ್ತರು. 2014-15ರಲ್ಲಿ ಹೀಗೇ ಬಂದ ಪುಣೆಯ ಭಾರತ್ ಎಫ್‌ಸಿ ಕೊನೇ ಸ್ಥಾನ ಪಡೆಯಿತು. ಅದಕ್ಕೆ ರೆಲಿಗೇಷನ್‌ನಿಂದ ವಿನಾಯಿತಿ ಇತ್ತು. ಕೆಳಗೆ ಹೋಗಿದ್ದು ಅದರ ಮೇಲಿದ್ದ ಗೋವಾದ ಡೆಂಪೊ, ಐದು ಸಲದ ರಾಷ್ಟ್ರೀಯ ಚಾಂಪಿಯನ್! ಉಳಿಸಿಕೊಂಡ ಭಾರತ್ ಎಫ್‌ಸಿ ಒಂದೇ ಸೀಸನ್‌ಗೆ ಬಾಗಿಲು ಹಾಕಿತು. ಡೆಂಪೊ ಈಗಲೂ ಇದೆ. ವರ್ಷಗಟ್ಟಲೆ ರಾಷ್ಟ್ರೀಯ ಲೀಗ್‌ನಿಂದ ಹೊರಗಿದ್ದು, 2024ರಲ್ಲಿ ಐ-ಲೀಗ್‌ಗೆ ಹಿಂದಿರುಗಿತು.

ರೆಲಿಗೇಷನ್ ತಂದ್ರೆ ಬಂಡವಾಳ ಹಾಕೋರು ಓಡಿಹೋಗ್ತಾರೆ ಅನ್ನೋದು ಮಾಲೀಕರ ಕಡೆಯ ವಾದ. ವರ್ಷಾವರ್ಷ ನಷ್ಟದಲ್ಲಿರೋರ ಮಾತನ್ನ ತಳ್ಳಿಹಾಕುವಂತಿಲ್ಲ. ಹಾಗಾದ್ರೆ ಹೈದರಾಬಾದ್ ಎಫ್‌ಸಿ ನೋಡಿ. 2021-22ರ ಐಎಸ್‌ಎಲ್ ಚಾಂಪಿಯನ್. ಸಂಬಳ ಬಾಕಿ ಉಳಿದು ಆಟಗಾರರು ಒಬ್ಬೊಬ್ಬರಾಗಿ ಹೋದರು. 2023-24ರಲ್ಲಿ ಇಡೀ ಸೀಸನ್‌ಗೆ ಒಂದೇ ಗೆಲುವು, ಕೊನೇ ಸ್ಥಾನ. ರೆಲಿಗೇಟ್ ಆಗಲಿಲ್ಲ. ಮಾಲೀಕರು ಬದಲಾದರು, 2025ರಲ್ಲಿ ಕ್ಲಬ್ಬೇ ದೆಹಲಿಗೆ ಹೋಗಿ ಬೇರೆ ಹೆಸರಿಟ್ಟುಕೊಂಡಿತು. ಎರಡನೇ ಲೀಗ್‌ಗೆ ಬಿದ್ದಿದ್ರೆ ಹೈದರಾಬಾದಿನ ಅಭಿಮಾನಿಗೆ ಶನಿವಾರ ನೋಡೋಕೆ ಒಂದು ಬಡ ತಂಡವಾದ್ರೂ ಉಳೀತಿತ್ತು.

ಬೀಳೋದನ್ನ ನಿಷೇಧಿಸಿದ್ರೆ ಯಾರೂ ಬೀಳಲ್ಲ ಅಂದುಕೊಂಡಿದ್ದು ನಮ್ಮ ತಪ್ಪು. ಬಿದ್ದವರು ಬದುಕೋ ಹಾಗೆ ಮಾಡೋದು ನಿಜವಾದ ಕೆಲಸ. ಎರಡು ಮೂರು ವರ್ಷ ಕೈಹಿಡಿಯೋ ಒಂದು ನಿಧಿ, ಕರಾರಿನಲ್ಲೇ ಸಂಬಳದ ಷರತ್ತು, ಟೀವಿಯಲ್ಲಿ ಕಾಣೋ ಎರಡನೇ ಲೀಗ್, ಹೊಸ ಹುಡುಗರ ತಂಡಗಳು. ಸಂಬಳ ನಿಲ್ಲಿಸಿದ ಪ್ರಕಟಣೆಯಲ್ಲೂ ಯುವ ತಂಡಗಳನ್ನ ಮುಟ್ಟಲ್ಲ ಅಂತ ಬೆಂಗಳೂರು ಎಫ್‌ಸಿ ಹೇಳಿತ್ತು. ಆ ಒಂದು ನಿರ್ಧಾರಕ್ಕೆ ನನ್ನ ಶಹಭಾಸ್. ಇನ್ನು ಬೀಳೋದು ಏಳೋದು ನಮಗೆ ಹೊಸದೂ ಅಲ್ಲ: ಬೆಂಗಳೂರಿನ ಸೂಪರ್ ಡಿವಿಷನ್‌ನಿಂದ ಎ ಡಿವಿಷನ್‌ಗೆ ಇಳಿದು ಮತ್ತೆ ಏರೋ ಪುಟ್ಟ ಕ್ಲಬ್ಬುಗಳು ನಮ್ಮ ಕಣ್ಣೆದುರೇ ಇವೆ. ಟಿಕೆಟ್ ಕೊಂಡು ಅವನ್ನ ನೋಡೋಕೆ ನಾವೇ ಹೋಗಲ್ಲ.

ಕೊನೆಗೆ 2026ರ ಫೆಬ್ರವರಿಯಲ್ಲಿ ಲೀಗ್ ಮೊಟಕಾಗಿ ಶುರುವಾಯ್ತು. ಅವತ್ತು ರಾತ್ರಿ ಊರಿಂದ ಫೋನ್. "ಚಿಕ್ಕಪ್ಪ, ಮುಂದಿನ ವರ್ಷ ಗ್ಯಾರಂಟಿ ಇರ್ತದಾ?"

ಗೊತ್ತಿಲ್ಲ ಕಣೋ ಅಂದೆ. ಬೇರೇನು ಹೇಳಲಿ.