ತಾಮ್ರದ ತಗಡಿನ ಮೇಲೆ ಊರು

ರಾಮತೀರ್ಥ ನಗರದಲ್ಲಿ ವಾಸವಾಗಿರುವ ನಮಗೆ ಬೆಳಗಾವಿಯ ಕೋಟೆ ದೂರವೇನಲ್ಲ. ಅಲ್ಲಿ ಕಮಲ ಬಸದಿ ಇದೆ, ಅಸದ್ ಖಾನನ ಹೆಸರಿನೊಂದಿಗೆ ಬೆಸೆದುಕೊಂಡ ಸಫಾ ಮಸೀದಿಯೂ ಇದೆ. ಇವುಗಳ ಫೋಟೋಗಳಿಗೆ ಕೊರತೆಯಿಲ್ಲ. ಆದರೆ ಒಂದು ಕಟ್ಟಡದ ಮುಂದೆ ಕುಳಿತು, ನಿಧಾನವಾಗಿ ನೋಡಿ, ಕೈಯಿಂದ ಗೆರೆ ಎಳೆದು ಅಚ್ಚು ಹಾಕಿದ ಚಿತ್ರ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ಡಚ್ಚರ ಎಚ್ಚಿಂಗ್ ಚಿತ್ರಗಳನ್ನು ಪುಸ್ತಕಗಳಲ್ಲಿ ನೋಡುವಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಎಚ್ಚಿಂಗ್‌ನ ಕೆಲಸ ತಾಳ್ಮೆಯದು. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು ಸೂಜಿಯಿಂದ ಗೀರುತ್ತಾರೆ. ಬಳಿಕ ತಗಡನ್ನು ಆಮ್ಲದಲ್ಲಿ ಇಡುತ್ತಾರೆ. ಗೀರಿದ ಕಡೆ ಮಾತ್ರ ಆಮ್ಲ ಲೋಹವನ್ನು ತಿನ್ನುತ್ತದೆ. ದೂರದ ಗೋಪುರದ ಗೆರೆ ತೆಳುವಾಗಿಯೇ ಇರಬೇಕಾದರೆ ಅದನ್ನು ವಾರ್ನಿಶ್‌ನಿಂದ ಮುಚ್ಚಿ, ಹತ್ತಿರದ ಗೋಡೆಯನ್ನು ಮತ್ತಷ್ಟು ಹೊತ್ತು ಆಮ್ಲಕ್ಕೆ ಬಿಡುತ್ತಾರೆ. ಕೊನೆಗೆ ಲೇಪ ತೆಗೆದು, ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತುತ್ತಾರೆ. ಯಾವುದು ಗಾಢ, ಯಾವುದು ತಿಳಿ ಎಂಬುದು ಕಲಾವಿದನ ತೀರ್ಮಾನ.

ರೆಂಬ್ರಾಂಟ್ ಸುಮಾರು 1640ರಲ್ಲಿ ಮಾಡಿದ ಆಮ್‌ಸ್ಟರ್‌ಡ್ಯಾಮ್ ನೋಟ ಅಂಗೈಗಿಂತ ತುಸು ದೊಡ್ಡದು, ಅಷ್ಟೆ. ಮುಂದೆ ಜೌಗು ಹುಲ್ಲುಗಾವಲು, ಅಂಚಿನಲ್ಲಿ ಗೋಪುರಗಳು, ಗಾಳಿಗಿರಣಿಗಳು. ಆಕಾಶ ಪೂರ್ತಿ ಖಾಲಿ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ನಗರವೂ ಕನ್ನಡಿಯೊಳಗಿನಂತೆ ತಿರುಗಿದೆ. ಅದನ್ನು ಅವನು ತಿದ್ದಲಿಲ್ಲ. ತನ್ನ ಊರನ್ನು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ ಎಂಬ ನಿರಾಳ ಅಲ್ಲಿ ನಮಗೆ ಕಾಣುತ್ತದೆ.

ಇನ್ನು ನಮ್ಮ ನಾಡಿನ ಕಟ್ಟಡಗಳಿಗೆ ಬರೋಣ. ಬೆಂಗಳೂರಿನ ಕೋಟೆಯೊಳಗಿನ ಅರಮನೆಯನ್ನು ಹೈದರಲಿ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಅದೇ ವರ್ಷ ಕೋಟೆ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಆ ಯುದ್ಧದಲ್ಲಿದ್ದ ಫಿರಂಗಿದಳದ ಅಧಿಕಾರಿ ಜೇಮ್ಸ್ ಹಂಟರ್ ಅರಮನೆಯನ್ನೂ ಚಿತ್ರಿಸಿದ. ಅವನು 1792ರಲ್ಲಿ ತೀರಿಕೊಂಡ. 1805ರ ಹೊತ್ತಿಗೆ ಲಂಡನ್ನಿನಲ್ಲಿ ಅವನ ಚಿತ್ರಗಳು ಅಕ್ವಾಟಿಂಟ್ ಅಚ್ಚುಗಳಾಗಿ ಹೊರಬಂದವು. ಅಕ್ವಾಟಿಂಟ್ ಕೂಡ ಎಚ್ಚಿಂಗ್‌ನ ಬಂಧುವೇ. ರಾಳದ ಪುಡಿಯ ನಡುವೆ ಆಮ್ಲ ಇಳಿದು, ಗೆರೆಯ ಬದಲು ನೆರಳನ್ನೇ ಮೂಡಿಸುತ್ತದೆ.

ಹಂಟರನ ಚಿತ್ರಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ಕೋಟೆಯ ಬಹುಪಾಲು ಇಂದು ಇಲ್ಲ. ಅಂಥ ಅಚ್ಚುಗಳು ನಮಗೆ ಸಾಕ್ಷಿ. ಆದರೆ ನೋಡಿದ್ದು ಯುದ್ಧಕ್ಕೆ ಬಂದವನ ಕಣ್ಣು, ತಗಡು ಸಿದ್ಧಪಡಿಸಿದ್ದು ದೂರದ ಲಂಡನ್ನಿನ ಕೈಗಳು. ಮರದ ಕಂಬಗಳ ನಡುವೆ ಬದುಕಿದವರ ನೆನಪು ಆ ನೆರಳಿನೊಳಗೆ ಸೇರಲು ಅವಕಾಶವೇ ಇರಲಿಲ್ಲ.

ಕಟ್ಟಡಗಳನ್ನು ಕಟ್ಟಿದ್ದು ನಾವು, ಅವುಗಳ ಚಿತ್ರ ಮಾತ್ರ ಬೇರೆಯವರದು ಎಂಬ ಸ್ಥಿತಿ ಬದಲಾಗಬೇಕಲ್ಲವೇ? ಒಂದು ತಗಡು, ಒಂದು ಸೂಜಿ, ಒಂದಷ್ಟು ತಾಳ್ಮೆ. ನಮ್ಮ ಚಿತ್ರಕಲಾ ಶಾಲೆಗಳ ಮಕ್ಕಳು ಒಂದು ದಿನ ಕೋಟೆಗೆ ಹೋಗಿ ಬಸದಿಯ ಮುಂದೆಯೂ ಮಸೀದಿಯ ಮುಂದೆಯೂ ಕುಳಿತುಕೊಳ್ಳಲಿ. ಎಡಬಲ ತಿರುಗಿದರೂ ಚಿಂತೆಯಿಲ್ಲ, ಗೆರೆ ನಮ್ಮದಾಗಿರುತ್ತದೆ.