ನೇಮಿಯರ್ ಅವರ ಇತಿಹಾಸಕ್ರಮ: ಒಂದು ವಿಮರ್ಶೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ರಾಜಕೀಯವನ್ನು ವಿಗ್ ಮತ್ತು ಟೋರಿ ಎಂಬ ಎರಡು ಪಕ್ಷಗಳ ಹೋರಾಟವೆಂದು ಬೋಧಿಸುವುದು ಬಹುಕಾಲ ರೂಢಿಯಾಗಿದ್ದಿತು. ಆ ರೂಢಿಯ ಬುಡವನ್ನು ಅಲುಗಿಸಿದವರು ಸರ್ ಲೂಯಿಸ್ ನೇಮಿಯರ್ (1888–1960). ರಷ್ಯದ ಆಳ್ವಿಕೆಗೊಳಪಟ್ಟಿದ್ದ ಪೋಲೆಂಡಿನಲ್ಲಿ ಯಹೂದಿ ಮೂಲದ ಮನೆತನದಲ್ಲಿ ಜನಿಸಿದ ಇವರು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, 1931ರಿಂದ 1953ರವರೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಮೂರನೆಯ ಜಾರ್ಜನು ಪಟ್ಟಕ್ಕೆ ಬಂದ ಕಾಲದ ರಾಜಕೀಯ ರಚನೆಯನ್ನು ಕುರಿತ 1929ರ ಗ್ರಂಥದಲ್ಲಿ ನೇಮಿಯರ್ ಅವರು ಪಕ್ಷಗಳ ಹೆಸರುಗಳನ್ನು ಬದಿಗಿಟ್ಟು, ಕಾಮನ್ಸ್ ಸಭೆಯ ಸದಸ್ಯರ ಮನೆತನ, ಬಾಂಧವ್ಯ, ಆಸ್ತಿ, ಅಧಿಕಾರಾಕಾಂಕ್ಷೆಗಳನ್ನು ಪರಿಶೀಲಿಸಿದರು. ಮಂತ್ರಿಗಳು ಗುಪ್ತನಿಧಿಯಿಂದ ಪಾರ್ಲಿಮೆಂಟನ್ನೇ ಕೊಂಡುಕೊಂಡಿದ್ದರೆಂಬ ಮಾತು ಅತಿಶಯೋಕ್ತಿಯೆಂಬುದನ್ನು ನ್ಯೂಕಾಸಲ್ ಡ್ಯೂಕನ ಲೆಕ್ಕಪತ್ರಗಳಿಂದಲೇ ತೋರಿಸಿಕೊಟ್ಟರು. ಜಾನ್ ಬ್ರೂಕ್ ಅವರೊಡನೆ ಸಿದ್ಧಪಡಿಸಿ, ಮರಣಾನಂತರ 1964ರಲ್ಲಿ ಹೊರಬಂದ ಕಾಮನ್ಸ್ ಸಭೆಯ ಚರಿತ್ರೆಯ ಮೂರು ಸಂಪುಟಗಳು ಈ ಕ್ರಮದ ಪರಿಪಕ್ವ ಫಲ.

ಆದರೆ ಅಮೆರಿಕದ ಕ್ರಾಂತಿಯ ಹೆಸರನ್ನು ಹೊತ್ತ 1930ರ ಗ್ರಂಥದ ಕಥನವು 1762ಕ್ಕೇ ನಿಂತುಹೋಗುತ್ತದೆ. ಇದನ್ನು ಕೇವಲ ಅಪೂರ್ಣತೆಯೆನ್ನಲಾಗದು. 1761ರಲ್ಲಿ ಚುನಾಯಿತವಾದ ಕಾಮನ್ಸ್ ಸಭೆಯೇ 1765ರಲ್ಲಿ ವಸಾಹತುಗಳ ಮೇಲೆ ತೆರಿಗೆ ಹೊರಿಸುವ ಸ್ಟಾಂಪ್ ಕಾಯಿದೆಯನ್ನು ಅಂಗೀಕರಿಸಿತು; ಮರುವರ್ಷ ಅದೇ ಸಭೆ 275ಕ್ಕೆ 167 ಮತಗಳಿಂದ ಅದರ ರದ್ದತಿಗೆ ಒಪ್ಪಿತು. ಸದಸ್ಯರ ನೆಂಟಸ್ತಿಕೆಗಳು ಒಂದು ವರ್ಷದಲ್ಲಿ ಬದಲಾಗಿರಲಿಲ್ಲ. ಮಂತ್ರಿಮಂಡಲ ಬದಲಾಗಿದ್ದಿತು, ಅದರೊಡನೆ ಕೆಲವರ ಮತವೂ ಬದಲಾಯಿತು. ಇಷ್ಟನ್ನು ನೇಮಿಯರ್ ಕ್ರಮ ವಿವರಿಸಬಲ್ಲದು. ಆದರೆ ಒತ್ತಡ ಬಂದದ್ದು ಅಮೆರಿಕನ್ನರ ಪ್ರತಿಭಟನೆಯಿಂದ, ಅದರಿಂದ ನಷ್ಟಕ್ಕೀಡಾದ ಇಂಗ್ಲಿಷ್ ವರ್ತಕರ ಮನವಿಗಳಿಂದ. ಆ ಪ್ರತಿಭಟನೆಯ ಮೂಲವನ್ನು ಪಾರ್ಲಿಮೆಂಟಿನ ವಂಶಾವಳಿಗಳಲ್ಲಿ ಅರಸಿ ಫಲವಿಲ್ಲ.

ಈ ಕ್ರಮದಲ್ಲಿ ವಿಚಾರಗಳಿಗೆ ತಕ್ಕ ಸ್ಥಾನವಿಲ್ಲವೆಂದು ಹರ್ಬರ್ಟ್ ಬಟರ್‌ಫೀಲ್ಡ್ ಅವರು 1957ರಲ್ಲೇ ಆಕ್ಷೇಪಿಸಿದ್ದರು. ಹಾರ್ವರ್ಡಿನ ಬರ್ನಾರ್ಡ್ ಬೇಲಿನ್ ಅವರ 1967ರ ಗ್ರಂಥ ಈ ಕೊರತೆಯನ್ನು ಅಮೆರಿಕದ ಕಡೆಯಿಂದ ತುಂಬಿಕೊಟ್ಟಿತು. ಭ್ರಷ್ಟ ಮಂತ್ರಿಗಳು ತಮ್ಮ ಸ್ವಾತಂತ್ರ್ಯದ ವಿರುದ್ಧ ಸಂಚು ಹೂಡಿದ್ದಾರೆಂಬ ಭೀತಿಯನ್ನು ಅವರು ವಸಾಹತುಗಾರರ ಕಿರುಹೊತ್ತಗೆಗಳಲ್ಲಿ ಗುರುತಿಸಿದರು. ನೇಮಿಯರ್ ಅವರ ಲೆಕ್ಕದಂತೆ ಆ ಭ್ರಷ್ಟತೆ ಬಹುಮಟ್ಟಿಗೆ ಅತಿಶಯೋಕ್ತಿ. ಆದರೆ ಅದನ್ನು ನಂಬಿದವರು ಆಯುಧ ಹಿಡಿದರು. ತಪ್ಪು ನಂಬಿಕೆಯೂ ಇತಿಹಾಸದಲ್ಲಿ ಒಂದು ವಾಸ್ತವ ಸಂಗತಿಯೇ ಸರಿ. ಆದುದರಿಂದ ನೇಮಿಯರ್ ಅವರಿಂದ ನಮ್ಮ ವಿದ್ಯಾರ್ಥಿಗಳು ಆಧಾರಗಳ ಕಟ್ಟುನಿಟ್ಟನ್ನು ಕಲಿಯಲಿ. ಮನುಷ್ಯನು ಆಡುವ ಮಾತೆಲ್ಲ ಸ್ವಾರ್ಥದ ಹೊದಿಕೆಯೆಂಬ ಅವಸರದ ತೀರ್ಮಾನವನ್ನು ಮಾತ್ರ ಕಲಿಯದಿರಲಿ.